ಮಧ್ಯಾಹ್ನದ ಹಳೆಯ ಧಾರಾವಾಹಿ ಮತ್ತೆ ನೋಡಬೇಕೇ? ಮುಂಬೈ, ಪುಣೆ, ಗೋವಾದ ಕನ್ನಡ ಮನೆಗಳಿಗೆ ಯಾವ ದಾರಿ ಸರಿ

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸದ್ದೇ ಇರುವುದಿಲ್ಲ. ಆಫೀಸಿನವರು ಲೋಕಲ್ ಹಿಡಿದು ಹೋಗಿ ಐದಾರು ಗಂಟೆ ಆಗಿರುತ್ತದೆ. ಪಾತ್ರೆ ತೊಳೆದಾಗಿರುತ್ತದೆ. ನಮ್ಮ ಅತ್ತೆ ದಿವಾನದ ಮೇಲೆ ಕಾಲು ನೀಡಿ ಕೂತು, ರಿಮೋಟನ್ನು ನನ್ನ ಕೈಗೆ ಕೊಡುತ್ತಾರೆ. "ಆ ಹಳೇದು ಹಾಕು ಮಾರಾಯ್ತಿ. ಈಗಿನದ್ದು ಬೇಡ" ಅನ್ನುತ್ತಾರೆ.

ಹಳೇದು ಅಂದರೆ ಯಾವುದು? ಅದು ಎಲ್ಲಿ ಸಿಗುತ್ತದೆ? ಕಳೆದ ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದವರು ಬಹಳ ಜನ. ಅರಿಶಿನ ಕುಂಕುಮಕ್ಕೆ ಹೋದಾಗ ಕೇಳುತ್ತಾರೆ. ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕೇಳುತ್ತಾರೆ. ಪಕ್ಕದ ಮನೆಯ ಧಾರವಾಡದ ವೈನಿ ಕೇಳಿದರು. ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನನ್ನ ತಂಗಿ ಕೇಳಿದಳು. ಗೋವಾದ ವಾಸ್ಕೋದಲ್ಲಿ ಇರುವ ಚಿಕ್ಕಮ್ಮ ಫೋನಿನಲ್ಲೇ ಕೇಳಿದರು. ಎಲ್ಲರಿಗೂ ಒಂದೇ ಉತ್ತರ ಕೊಡೋಣ ಅಂತ ಹೊರಟೆ. ಆಗಲಿಲ್ಲ. ಒಬ್ಬೊಬ್ಬರ ಮನೆ ಒಂದೊಂದು ಥರ. ಅದಕ್ಕೇ ನಾನು ನೋಡಿ, ದುಡ್ಡು ಕಟ್ಟಿ, ಬೇಜಾರುಪಟ್ಟು ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮುಂಬೈಯ ಕನ್ನಡ ಮನೆಯ ನೆನಪು ಯಾವತ್ತೂ ಒಂದೇ ಭಾಷೆಯದ್ದಲ್ಲ. ಮಧ್ಯಾಹ್ನ ದಿನಾ ಕೂತು ಕಥೆ ನೋಡುವ ಅಭ್ಯಾಸ ನಮ್ಮ ಕಡೆ ಗಟ್ಟಿಯಾದದ್ದು 1994ರಲ್ಲಿ ದೂರದರ್ಶನದಲ್ಲಿ 'ಶಾಂತಿ' ಶುರುವಾದ ಮೇಲೆ. ಮರುವರ್ಷ 'ಸ್ವಾಭಿಮಾನ್' ಬಂತು. ಎರಡೂ ಹಿಂದಿ, ಎರಡೂ ಮಧ್ಯಾಹ್ನದವು. ಅದೇ 1994ರಲ್ಲಿ ಉದಯ ಟಿವಿ ಹುಟ್ಟಿತು. 2000ದ ಕೊನೆಗೆ ಈಟಿವಿ ಕನ್ನಡ, ಅಂದರೆ ಈಗಿನ ಕಲರ್ಸ್ ಕನ್ನಡ, ಬಂತು. ಆಮೇಲೆ ರಾತ್ರಿ ಬಂದ ಕಂತನ್ನು ಮರುದಿನ ಮಧ್ಯಾಹ್ನ ಮತ್ತೆ ಹಾಕುತ್ತಿದ್ದರು. ರಾತ್ರಿ ಗಂಡಸರಿಗೆ ನ್ಯೂಸ್ ಬೇಕಲ್ವಾ, ಹಾಗಾಗಿ ನಮ್ಮ ಪಾಲಿಗೆ ಆ ರಿಪೀಟೇ ಮೊದಲ ಪ್ರಸಾರ. ನಮ್ಮತ್ತೆಯ ತಲೆಯಲ್ಲಿ 'ಶಾಂತಿ'ಯ ಮಂದಿರಾ ಬೇಡಿಯೂ ಇದ್ದಾರೆ, ಟಿ.ಎನ್. ಸೀತಾರಾಮ್ ಅವರ ಕನ್ನಡ ಧಾರಾವಾಹಿಯ ಸಿಎಸ್‌ಪಿ ವಕೀಲರೂ ಇದ್ದಾರೆ. ಒಂದೇ ಕಡೆ ಇಬ್ಬರೂ ಸಿಗುವುದಿಲ್ಲ. ತೊಂದರೆ ಅಲ್ಲಿಂದಲೇ ಶುರು.

ದಾರಿ ಆರಿಸುವ ಮೊದಲು ಏನು ನೋಡಬೇಕು ಅಂತ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲಿನದು: ಕಥೆ ಪೂರ್ತಿ ಇದೆಯಾ? ಧಾರಾವಾಹಿ ಸಿನಿಮಾದ ಹಾಗೆ ಅಲ್ಲ. ನಡುವೆ ಇಪ್ಪತ್ತು ಕಂತು ಇಲ್ಲದಿದ್ದರೆ ಮದುವೆಯೇ ತಪ್ಪಿಹೋಗಿರುತ್ತದೆ, ಯಾರೋ ತೀರಿಕೊಂಡಿರುತ್ತಾರೆ. ಹಳೆಯ ಕಥೆಯನ್ನು ಮತ್ತೆ ನೋಡುವವರಿಗೆ ಕೊನೆ ಗೊತ್ತಿರುತ್ತದೆ, ನಡುವಿನದ್ದೇ ಬೇಕಾಗಿರುತ್ತದೆ. ಒಮ್ಮೆ ಒಂದು ಅಪ್ಲಿಕೇಶನ್‌ಗೆ ವರ್ಷದ ದುಡ್ಡು ಕಟ್ಟಿ, ಅತ್ತೆಯ ಜೊತೆ ದಿನಾ ಎರಡು ಕಂತು ನೋಡುತ್ತಾ ಬಂದೆ. ಇನ್ನೂರು ಕಂತು ದಾಟಿದ ಮೇಲೆ ಒಂದು ದಿನ ತೆರೆದರೆ ಆ ಧಾರಾವಾಹಿಯೇ ಇರಲಿಲ್ಲ. ಎರಡು ವಾರ ಅತ್ತೆ ಮಧ್ಯಾಹ್ನ ಟಿವಿ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತಿನಿಂದ ನಾನು ಮೊದಲು ಮೊದಲ ಕಂತು, ಕೊನೆಯ ಕಂತು, ನಡುವಿನ ನಾಲ್ಕೈದು ಕಂತು ತೆರೆದು ನೋಡಿಯೇ ಶುರು ಮಾಡುವುದು.

ಎರಡನೆಯದು, ಆಗ ಹೇಗಿತ್ತೋ ಹಾಗೇ ಇದೆಯಾ. ಟೈಟಲ್ ಸಾಂಗ್ ಕತ್ತರಿಸಿದ್ದರೆ ಅರ್ಧ ನೆನಪು ಹೋದ ಹಾಗೆ. ಆ ಹಾಡು ಕೇಳಿದರೇ ಅಡುಗೆಮನೆಯಿಂದ ಓಡಿ ಬರುತ್ತಿದ್ದೆವು, ಅಲ್ವಾ?

ಮೂರನೆಯದು, ರಿಮೋಟ್ ಯಾರ ಕೈಯಲ್ಲಿ. ವಯಸ್ಸಾದವರು ಒಬ್ಬರೇ ಹಾಕಿಕೊಳ್ಳುವ ಹಾಗಿರಬೇಕಾ, ಅಥವಾ ಹಾಕಿ ಕೊಡಲು ಯಾರಾದರೂ ಇರುತ್ತಾರಾ? ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಕಣ್ಣು ಮಂಜಾದವರಿಗೆ ಇಂಗ್ಲಿಷಿನ ಸಣ್ಣ ಅಕ್ಷರದ ಮೆನು ಕೊಟ್ಟರೆ ಅದು ಕೊಡದ ಹಾಗೇ. ಕೊನೆಯದು ದುಡ್ಡು. ಅಪ್ಲಿಕೇಶನ್‌ನ ದುಡ್ಡು ಮಾತ್ರ ಲೆಕ್ಕ ಹಾಕಬೇಡಿ. ನೆಟ್‌ನ ದುಡ್ಡು, ಸೆಟ್‌ಟಾಪ್ ಡಬ್ಬಿಯ ದುಡ್ಡು, ಎಲ್ಲ ಸೇರಿಸಿ.

ಈಗ ಒಂದೊಂದೇ ದಾರಿ ನೋಡೋಣ.

ಯೂಟ್ಯೂಬ್‌ಗೆ ಎಲ್ಲರೂ ಮೊದಲು ಹೋಗುತ್ತಾರೆ, ಹೋಗಬೇಕು ಕೂಡ. 2000ದ ಹಿಂದಿನ ಕನ್ನಡ ಧಾರಾವಾಹಿ ಏನಾದರೂ ಉಳಿದಿದ್ದರೆ ಬಹುಪಾಲು ಇಲ್ಲೇ ಉಳಿದಿದೆ. 1990ರ ದಶಕದ ಕೊನೆಯಲ್ಲಿ ಬಂದ 'ಮಾಯಾಮೃಗ' ಇಲ್ಲಿ ಸಿಗುತ್ತದೆ. ಅದಕ್ಕೂ ಹಳೆಯ 'ಗುಡ್ಡದ ಭೂತ'ವೂ ಸಿಗುತ್ತದೆ. ಅದು ದಿನನಿತ್ಯದ ಧಾರಾವಾಹಿ ಅಲ್ಲ, ಕೆಲವೇ ಕಂತುಗಳದ್ದು. ಆದರೂ ಹೆಸರು ಹೇಳಲೇಬೇಕು. ಅದನ್ನು ನಿರ್ದೇಶಿಸಿದ ಸದಾನಂದ ಸುವರ್ಣರು ದಶಕಗಳ ಕಾಲ ನಮ್ಮ ಮುಂಬೈಯಲ್ಲೇ ಇದ್ದು ಇಲ್ಲಿ ಕನ್ನಡ ನಾಟಕ ಕಟ್ಟಿದವರು. ಪ್ರಕಾಶ್ ರೈ ಅದರಲ್ಲಿ ಎಷ್ಟು ಎಳೆಯ ಹುಡುಗನ ಹಾಗೆ ಕಾಣುತ್ತಾರೆ! ಹಳೆಯದನ್ನು ನೋಡುವ ಅಭ್ಯಾಸ ಮತ್ತೆ ಶುರು ಮಾಡಬೇಕು ಅನ್ನುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಒಂದು ವಾರದಲ್ಲಿ ಮುಗಿಯುತ್ತದೆ. ಮನೆಯವರಿಗೆ ಇದು ಹಿಡಿಸುತ್ತದಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಯೂಟ್ಯೂಬ್‌ನ ತೊಂದರೆ ಇರುವುದು ಯಾರು ಹಾಕಿದ್ದು ಅನ್ನುವುದರಲ್ಲಿ. ನಿರ್ಮಿಸಿದವರೋ ಚಾನೆಲ್‌ನವರೋ ತಾವೇ ಹಾಕಿದ್ದರೆ ಕಂತುಗಳಿಗೆ ನಂಬರ್ ಇರುತ್ತದೆ, ಸಾಲಾಗಿ ಇರುತ್ತವೆ, ನಾಳೆಯೂ ಇರುತ್ತವೆ. ಅಭಿಮಾನಿಗಳು ಹಾಕಿದ್ದರೆ ಅವರ ಪ್ರೀತಿಗೆ ಕೈ ಮುಗಿಯಬೇಕು. ಆದರೆ ಹಕ್ಕಿನವರು ದೂರು ಕೊಟ್ಟ ದಿನ ಎಲ್ಲವೂ ಹೋಗುತ್ತದೆ. ಆ ಭಯಕ್ಕೇ ಕೆಲವರು ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿ ಹಾಕಿರುತ್ತಾರೆ. ಸೀರೆಯ ಸೆರಗು ಎಲ್ಲರಿಗೂ ಬಲ ಹೆಗಲ ಮೇಲೆ ಇದ್ದ ಹಾಗೆ ಕಂಡರೆ ತಿಳಿದುಕೊಳ್ಳಿ. ಕೆಲವರು ದನಿಯನ್ನು ಏರಿಸಿರುತ್ತಾರೆ. ಎಲ್ಲರೂ ಚಿಕ್ಕ ಮಕ್ಕಳ ಹಾಗೆ ಮಾತಾಡುತ್ತಾರೆ. ಅಂಥದ್ದನ್ನು ದಿನಾ ನೋಡಲು ಆಗುವುದಿಲ್ಲ, ತಲೆನೋವು ಬರುತ್ತದೆ. ಬೇರೆಯವರು ಹಾಕಿದ್ದನ್ನು ಹುಡುಕಿ.

ಇನ್ನೊಂದು, ಕಂತುಗಳು ತಲೆಕೆಳಗಾಗಿ ಬರುವುದು. ಒಂದು ಮುಗಿದ ಕೂಡಲೇ ಇನ್ಯಾವುದೋ ಅಡುಗೆ ವಿಡಿಯೋ ಶುರುವಾಗುತ್ತದೆ. ಇದಕ್ಕೆ ಮದ್ದು ಸುಲಭ. ಮನೆಯ ಮಕ್ಕಳನ್ನು ಒಂದು ಭಾನುವಾರ ಅರ್ಧ ಗಂಟೆ ಕೂರಿಸಿ. ಕಂತುಗಳನ್ನು ಕ್ರಮವಾಗಿ ಒಂದು ಪ್ಲೇಲಿಸ್ಟ್‌ಗೆ ಸೇರಿಸಿ ಕೊಡಲಿ. ಆಮೇಲೆ ಅತ್ತೆಯೋ ಅಮ್ಮನೋ ಒಂದೇ ಗುಂಡಿ ಒತ್ತಿದರೆ ಸಾಕು. ರಿಮೋಟ್‌ನಲ್ಲಿ ಮೈಕ್ ಇದ್ದರೆ ಕನ್ನಡದಲ್ಲೇ ಹೆಸರು ಹೇಳಿ ಹುಡುಕಬಹುದು. ನಮ್ಮತ್ತೆಗೆ ಇದು ಗೊತ್ತಾದ ದಿನ ಎಷ್ಟು ಖುಷಿ ಆಯಿತು ಅಂದರೆ, ಸಂಜೆ ಬಂದ ಮಗನಿಗೆ ಎರಡು ಸಲ ಮಾಡಿ ತೋರಿಸಿದರು.

ಜಾಹೀರಾತು ಬೇಡ ಅಂದರೆ ಪ್ರೀಮಿಯಂಗೆ ತಿಂಗಳಿಗೆ 149 ರೂಪಾಯಿ. ಬರೀ ಧಾರಾವಾಹಿಗೋಸ್ಕರ ಅದನ್ನು ಕಟ್ಟಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಜಾಹೀರಾತಿನ ನಡುವೆ ಎದ್ದು ಚಹಾಕ್ಕೆ ನೀರಿಡುವ ಅಭ್ಯಾಸ ಆಗಿನಿಂದಲೂ ಇದೆಯಲ್ಲ.

ನೆಟ್‌ನ ಲೆಕ್ಕ ಒಂದು ಹೇಳಿಬಿಡುತ್ತೇನೆ. ಆ ಕಾಲದ ನಮ್ಮ ಟಿವಿ ಚಿತ್ರದಲ್ಲಿ ಇದ್ದದ್ದೇ 576 ಗೆರೆ. ಹಾಗಾಗಿ ಯೂಟ್ಯೂಬ್‌ನಲ್ಲಿ ಗುಣಮಟ್ಟವನ್ನು 480ಕ್ಕೆ ಇಟ್ಟರೆ ಸಾಕು. 1080ಕ್ಕೆ ಏರಿಸಿದರೆ ಡೇಟಾ ಹೋಗುತ್ತದೆ, ಮುಖ ಹೆಚ್ಚೇನೂ ಸ್ಪಷ್ಟ ಆಗುವುದಿಲ್ಲ. 480ರಲ್ಲಿ ಒಂದು ಗಂಟೆಗೆ ಸುಮಾರು ಅರ್ಧ ಜಿಬಿ. ಜಾಹೀರಾತು ತೆಗೆದರೆ ಒಂದು ಕಂತು 20–22 ನಿಮಿಷ. ದಿನಕ್ಕೆ ಎರಡು ಕಂತಿಗೆ 400 ಎಂಬಿಯ ಹತ್ತಿರ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇರುವವರಿಗೆ ಧಾರಾಳ ಆಯಿತು. ವಾಸ್ಕೋದ ಚಿಕ್ಕಮ್ಮನಿಗೆ ನಾನು ಇದನ್ನೇ ಹೇಳಿದ್ದು. ಅವರ ಮನೆಯಲ್ಲಿ ವೈಫೈ ಇಲ್ಲ, ಹಾಕಿಸುವ ಮನಸ್ಸೂ ಇಲ್ಲ. ಬೇಕಾಗಿಯೂ ಇಲ್ಲ.

ಟಿವಿಯಲ್ಲಿ ನೋಡುವವರು ಇನ್ನೊಂದು ಕೆಲಸ ಮಾಡಿ. ಹಳೆಯ ಚಿತ್ರದ ಅಳತೆ 4:3. ಈಗಿನ ಟಿವಿ 16:9. ಪೂರ್ತಿ ತುಂಬುವ ಹಾಗೆ ಎಳೆದರೆ ಮುಖಗಳು ಮೂರನೇ ಒಂದು ಪಾಲು ದಪ್ಪ ಆಗುತ್ತವೆ. ಝೂಮ್ ಮಾಡಿದರೆ ತಲೆ, ಕಾಲು ಕತ್ತರಿಸಿ ಹೋಗುತ್ತವೆ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ 4:3 ಅಂತ ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. "ಈಗ ನೋಡು, ಇದು ಅವಳದ್ದೇ ಮುಖ" ಅಂದರು ನಮ್ಮತ್ತೆ.

ಇನ್ನು ದುಡ್ಡು ಕಟ್ಟುವ ಅಪ್ಲಿಕೇಶನ್‌ಗಳು. ಯಾವ ಚಾನೆಲ್‌ನ ಧಾರಾವಾಹಿ ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಜೀ ಕನ್ನಡದ್ದಾದರೆ ಜೀ5. ಉದಯದ್ದಾದರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ್ದಾದರೆ ಜಿಯೋಹಾಟ್‌ಸ್ಟಾರ್. ಮೊದಲು ವೂಟ್‌ನಲ್ಲಿ ನೋಡುತ್ತಿದ್ದ ಕಲರ್ಸ್ ಧಾರಾವಾಹಿಗಳು 2023ರಲ್ಲಿ ಜಿಯೋಸಿನಿಮಾಕ್ಕೆ ಹೋದವು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಒಂದಾದವು. "ವೂಟ್ ಎಲ್ಲಿ ಹೋಯಿತು" ಅಂತ ಇನ್ನೂ ಕೇಳುವವರಿದ್ದಾರೆ, ಅವರಿಗೋಸ್ಕರ ಇಷ್ಟು ಹೇಳಿದೆ.

ಇಲ್ಲಿ ಚಿತ್ರ ಚೆನ್ನಾಗಿರುತ್ತದೆ, ಕಂತುಗಳು ಸಾಲಾಗಿರುತ್ತವೆ, ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದಲೇ ಶುರುವಾಗುತ್ತದೆ. ನೆನಪು ಸ್ವಲ್ಪ ಕೈಕೊಡುವ ವಯಸ್ಸಿನಲ್ಲಿ ಇದು ದೊಡ್ಡ ಉಪಕಾರ. ಆದರೆ ಇಲ್ಲಿ ಹಳೆಯದು ಅಂದರೆ ಹೆಚ್ಚಾಗಿ 2012ರಿಂದ ಈಚೆಯದು. 'ಪುಟ್ಟಗೌರಿ ಮದುವೆ', 'ಅಗ್ನಿಸಾಕ್ಷಿ', 'ಲಕ್ಷ್ಮೀ ಬಾರಮ್ಮ' ಕಾಲದ ಅಭಿಮಾನಿಗಳಿಗೆ ಈ ದಾರಿ. ಅದಕ್ಕೂ ಹಿಂದಿನ ಈಟಿವಿ ಕಾಲದ್ದು ಬೇಕಾದವರು ದುಡ್ಡು ಕಟ್ಟುವ ಮೊದಲು ಸುಮ್ನೆ ಅಪ್ಲಿಕೇಶನ್ ಇಳಿಸಿಕೊಂಡು ಹುಡುಕಿ. ಹುಡುಕುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಮೊದಲ ಕಂತು ಇದೆಯಾ, ಕೊನೆಯದು ಇದೆಯಾ, ಎಣಿಸಿ ನೋಡಿ. ದರ ಆಗಾಗ ಬದಲಾಗುತ್ತದೆ. ವರ್ಷದ ಪ್ಲಾನ್ ಅಗ್ಗ ಅಂತ ಕಂಡರೂ ಮೊದಲ ಸಲ ಕಡಿಮೆ ದಿನದ್ದನ್ನೇ ತೆಗೆದುಕೊಳ್ಳಿ. ನನ್ನ ಇನ್ನೂರು ಕಂತಿನ ಕಥೆ ಆಗಲೇ ಹೇಳಿದೆನಲ್ಲ. ಮೊಬೈಲ್‌ಗೆ ಮಾತ್ರ ಇರುವ ಪ್ಲಾನ್ ಕಟ್ಟಿ, ಆಮೇಲೆ ಟಿವಿಯಲ್ಲಿ ಬರುತ್ತಿಲ್ಲ ಅಂತ ಬೇಸರಪಟ್ಟವರೂ ನಮ್ಮ ಬಿಲ್ಡಿಂಗ್‌ನಲ್ಲಿದ್ದಾರೆ. ಕಟ್ಟುವಾಗಲೇ ಓದಿ.

ಮನೆಯಲ್ಲಿ ಮರಾಠಿ ಸೊಸೆಯೋ ಅಳಿಯನೋ ಇದ್ದರೆ ಜೀ5 ಬಗ್ಗೆ ಬೇರೆಯಾಗಿಯೇ ಯೋಚಿಸಬೇಕು. 2019ರಲ್ಲಿ ಶುರುವಾದ 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೆ ರೇ' ಧಾರಾವಾಹಿಯ ಕನ್ನಡ ರೂಪ. ಎರಡೂ ಅಲ್ಲೇ ಸಿಗುತ್ತವೆ. ಪುಣೆಯ ನನ್ನ ತಂಗಿಯ ಮನೆಯಲ್ಲಿ ಹಾಗೇ ಮಾಡಿದರು. ಅವಳ ಅತ್ತೆ ಮರಾಠಿಯವರು. ಶನಿವಾರ ಮಧ್ಯಾಹ್ನ ಮರಾಠಿಯ ಎರಡು ಕಂತು, ಭಾನುವಾರ ಕನ್ನಡದ ಎರಡು ಕಂತು. ಮರಾಠಿಯದು ಒಂದು ವರ್ಷದೊಳಗೆ ಮುಗಿದ ಕಥೆ, ಕನ್ನಡದ್ದು 2023ರವರೆಗೆ ನಡೆಯಿತು. ಹಾಗಾಗಿ ಒಂದು ಹಂತ ದಾಟಿದ ಮೇಲೆ ಎರಡರ ದಾರಿ ಬೇರೆ ಬೇರೆ. ಅಲ್ಲಿಂದ ಅತ್ತೆ ಸೊಸೆ ಮಾತಾಡಿದ್ದೇ ಮಾತಾಡಿದ್ದು. ಬೇರೆ ಯಾವ ದಾರಿಯಲ್ಲೂ ಈ ಸುಖ ಇಲ್ಲ.

ತಂಗಿಗೆ ಇನ್ನೊಂದು ಉಪಯೋಗ ಆಯಿತು. ಡೌನ್‌ಲೋಡ್. ಕಂಪನಿ ಬಸ್ಸಿನಲ್ಲಿ ನೆಟ್ ಕೈಕೊಡುತ್ತದೆ. ರಾತ್ರಿಯೇ ಇಳಿಸಿಟ್ಟುಕೊಂಡರೆ ಹೋಗುವಾಗ ಒಂದು ಕಂತು, ಬರುವಾಗ ಒಂದು. ಮುಂಬೈಯಿಂದ ರೈಲಿನಲ್ಲಿ ಊರಿಗೆ ಹೋಗುವವರೂ ಇದನ್ನು ನೆನಪಿಡಿ. ಕೊಂಕಣ ರೈಲ್ವೆಯಲ್ಲಿ ಸುರಂಗದ ಮೇಲೆ ಸುರಂಗ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್ ಇದೆ. ಕೋರ್ಟಿನ ದೃಶ್ಯದಲ್ಲಿ ತೀರ್ಪು ಓದುವಾಗ ಅದು ಬಂದರೆ ಕೂತು ಕಾಯಬೇಕಷ್ಟೆ.

ಕೇಬಲ್ ಮತ್ತು ಡಿಶ್‌ನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮರುಪ್ರಸಾರ ಬಂದರೆ ಅದಕ್ಕಿಂತ ಸುಲಭದ್ದು ಯಾವುದೂ ಇಲ್ಲ. ಹಿರಿಯರು ಚಾನೆಲ್ ನಂಬರ್ ಒತ್ತುತ್ತಾರೆ, ನೋಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಚಾನೆಲ್‌ಗಳೆಲ್ಲ ಹಳೆಯದನ್ನು ಹಾಕಿದವು. ಮಾರ್ಚ್ 28ಕ್ಕೆ ದೂರದರ್ಶನದಲ್ಲಿ ರಾಮಾಯಣ ಮತ್ತೆ ಬಂತು. ಎಷ್ಟೋ ಮನೆಗಳಲ್ಲಿ ಹಳೆಯದನ್ನು ನೋಡುವ ರುಚಿ ಮತ್ತೆ ಹತ್ತಿದ್ದೇ ಆಗ. ಆದರೆ ಯಾವುದು ಹಾಕಬೇಕು ಅಂತ ನಾವು ಹೇಳುವ ಹಾಗಿಲ್ಲ. ಮೇಲಾಗಿ ಮುಂಬೈಯಲ್ಲಿ ಕೇಬಲ್‌ನವರು ಕೊಡುವುದು ಹಿಂದಿ, ಮರಾಠಿ ಪ್ಯಾಕ್. ಕನ್ನಡ ಚಾನೆಲ್ ಬೇಕೆಂದರೆ ಬೇರೆಯಾಗಿ ಹೇಳಿ ಸೇರಿಸಿಕೊಳ್ಳಬೇಕು. 2019ರಿಂದ ಬಿಡಿ ಬಿಡಿಯಾಗಿ ಚಾನೆಲ್ ಆರಿಸುವ ಹಕ್ಕು ನಮಗಿದೆ. ಇಡೀ ದಕ್ಷಿಣದ ಪ್ಯಾಕ್ ತೆಗೆದುಕೊಳ್ಳಿ ಅಂದರೆ ಒಪ್ಪಬೇಡಿ. ನಿಮಗೆ ಬೇಕಾದ ಎರಡೋ ಮೂರೋ ಚಾನೆಲ್ ಸಾಕು.

ದೂರದರ್ಶನದ ಅಭಿಮಾನಿಗಳಿಗೆ ಎರಡು ದಾರಿ ಇವೆ, ಎರಡೂ ಬಹಳ ಜನರಿಗೆ ಗೊತ್ತಿಲ್ಲ. ಒಂದು ಡಿಡಿ ಫ್ರೀ ಡಿಶ್. ಡಬ್ಬಿಗೂ ಡಿಶ್‌ಗೂ ಒಮ್ಮೆ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಚಂದನ ಅದರಲ್ಲಿ ಬರುತ್ತದೆ. ಆದರೆ ಮುಂಬೈಯ ಫ್ಲ್ಯಾಟ್‌ನಲ್ಲಿ ಒಂದು ತೊಡಕು ಇದೆ. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮಲ್ಲಿಂದ ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ನಿಮ್ಮ ಕಿಟಕಿಗಳೆಲ್ಲ ಪಶ್ಚಿಮಕ್ಕಿದ್ದರೆ ಗ್ರಿಲ್‌ಗೆ ಕಟ್ಟಿ ಪ್ರಯೋಜನ ಇಲ್ಲ. ಟೆರೇಸಿಗೆ ಹಾಕಬೇಕು, ಸೊಸೈಟಿ ಕಮಿಟಿಯನ್ನು ಕೇಳಬೇಕು. ಗೋವಾದಲ್ಲಿ ಸ್ವಂತ ಮನೆ, ಅಂಗಳ ಇರುವವರಿಗೆ ಈ ತೊಂದರೆಯೇ ಇಲ್ಲ. ಎರಡನೆಯದು ವೇವ್ಸ್. ಪ್ರಸಾರ ಭಾರತಿಯ ಅಪ್ಲಿಕೇಶನ್. 2024ರ ನವೆಂಬರ್‌ನಲ್ಲಿ ಪಣಜಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶುರುವಾದದ್ದು. ದೂರದರ್ಶನದ ಹಳೆಯ ಹಿಂದಿ ಧಾರಾವಾಹಿಗಳ ನೆನಪು ಇರುವವರು ಮೊದಲು ಇಲ್ಲಿ ಹುಡುಕಿ. ನೇರಪ್ರಸಾರದ ಚಾನೆಲ್‌ಗಳೂ ಇವೆ. ಬಹಳಷ್ಟು ಉಚಿತ.

ಈಗ ನನಗೆ ತುಂಬಾ ಹತ್ತಿರದ ದಾರಿ. ಮನೆಯಲ್ಲೇ ಇರುವ ಕ್ಯಾಸೆಟ್.

ನಗಬೇಡಿ. 1990ರ ದಶಕದಲ್ಲಿ ಮುಂಬೈಯ ಎಷ್ಟೋ ಮನೆಗಳಿಗೆ ಕನ್ನಡ ಧಾರಾವಾಹಿ ಬಂದದ್ದೇ ಕ್ಯಾಸೆಟ್‌ನಲ್ಲಿ. ಬೆಂಗಳೂರಿನಲ್ಲಿದ್ದ ನಮ್ಮ ಮಾವ, ಅಂದರೆ ಅತ್ತೆಯ ಅಣ್ಣ, ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿ, ಬಸ್ಸಿನಲ್ಲಿ ಬರುವವರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಅರ್ಧರ್ಧ ಗಂಟೆಯ ಆರು ಕಂತು. ನಿಧಾನದ ವೇಗದಲ್ಲಿ ರೆಕಾರ್ಡ್ ಮಾಡಿದರೆ ಹನ್ನೆರಡು. ಅದು ಬಂದ ದಿನ ಚಾಳಿನ ಐದಾರು ಮನೆಯವರು ನಮ್ಮ ಖೋಲಿಯಲ್ಲಿ ಸೇರುತ್ತಿದ್ದರು. ಆ ಕ್ಯಾಸೆಟ್‌ಗಳಲ್ಲಿ ಕಂತು ಮಾತ್ರ ಇಲ್ಲ. ಆಗಿನ ಜಾಹೀರಾತು ಇದೆ, ಟೈಟಲ್ ಸಾಂಗ್ ಪೂರ್ತಿ ಇದೆ, ಕಂತಿನ ನಡುವೆ ಬಂದ ಸುದ್ದಿಯ ತುಣುಕು ಇದೆ. ಯೂಟ್ಯೂಬ್‌ನಲ್ಲೂ ಇಲ್ಲದ, ಅಪ್ಲಿಕೇಶನ್‌ನಲ್ಲೂ ಇಲ್ಲದ ಕಂತು ನಿಮ್ಮ ಅಟ್ಟದ ಮೇಲೆ ಇರಬಹುದು. ಅದಕ್ಕೇ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಆದರೆ ನಮ್ಮ ಮಳೆಗಾಲ ಕ್ಯಾಸೆಟ್‌ಗೆ ಶತ್ರು. ಟೇಪಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಕ್ಯಾಸೆಟ್‌ನ ಕಿಟಕಿಯಲ್ಲಿ ಇಣುಕಿ ನೋಡಿ. ಸುರುಳಿಯ ಮೇಲೆ ಬಿಳಿ ಪುಡಿಯ ಹಾಗೆ ಕಂಡರೆ ದಯವಿಟ್ಟು ವಿಸಿಆರ್‌ಗೆ ಹಾಕಬೇಡಿ. ಬೂಷ್ಟು ಯಂತ್ರದ ಹೆಡ್‌ಗೆ ಹತ್ತಿ, ಅಲ್ಲಿಂದ ಮುಂದಿನ ಒಳ್ಳೆಯ ಕ್ಯಾಸೆಟ್‌ಗೂ ಹತ್ತುತ್ತದೆ. ನಾನು ಗೊತ್ತಿಲ್ಲದೆ ಎರಡು ಕ್ಯಾಸೆಟ್‌ಗಳನ್ನು ಕಂಪ್ಯೂಟರ್ ಫೈಲ್ ಮಾಡಿಸಲು ಒಂದು ಅಂಗಡಿಗೆ ಕೊಟ್ಟೆ. ಅವರು ನೋಡದೆ ಓಡಿಸಿದರು. ಒಂದು ಟೇಪು ತುಂಡಾಗಿ ಬಂತು. ಇನ್ನೊಂದರ ಫೈಲಿನಲ್ಲಿ ಅರ್ಧದ ನಂತರ ದನಿಯೇ ಇಲ್ಲ. ಮಾವ ತೀರಿಕೊಂಡು ಆಗಲೇ ಮೂರು ವರ್ಷ ಆಗಿತ್ತು. ಲೇಬಲ್ ಮೇಲೆ ಅವರ ಅಕ್ಷರ ಇತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹೀಗೆ ಮಾಡಿ. ಅಂಗಡಿಗೆ ಕೊಡುವುದಾದರೆ ಮೊದಲು ನಿಮಗೆ ಅಷ್ಟೇನೂ ಬೇಕಿಲ್ಲದ ಒಂದು ಕ್ಯಾಸೆಟ್ ಕೊಡಿ. ಬಂದ ಫೈಲನ್ನು ಪೂರ್ತಿ ನೋಡಿ. ಚಿತ್ರ 4:3 ಇದೆಯಾ, ದನಿ ಕೊನೆವರೆಗೂ ಇದೆಯಾ ನೋಡಿ. ಬೂಷ್ಟು ತೆಗೆದು ಓಡಿಸುತ್ತೀರಾ ಅಂತ ಬಾಯಿ ಬಿಟ್ಟು ಕೇಳಿ. ಮನೆಯಲ್ಲೇ ಮಾಡುವುದಾದರೆ ಒಳ್ಳೆಯ ವಿಸಿಆರ್ ಬೇಕು. ಜಗತ್ತಿನಲ್ಲಿ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ನಿಲ್ಲಿಸಿಬಿಟ್ಟಿತು. ಹಾಗಾಗಿ ಹಳೆಯದನ್ನೇ ರಿಪೇರಿ ಮಾಡಿಸಬೇಕು. ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಕಾರ್ಡ್‌ಗೆ ಮುಂಬೈಯವರು ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯವರು ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ವಿಚಾರಿಸಿ. ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು, ಅವಸರ ಮಾಡುವ ಹಾಗಿಲ್ಲ. ಒಂದು ಗಂಟೆಗೆ ಸುಮಾರು ಎರಡು ಜಿಬಿ ಜಾಗ ಇಟ್ಟುಕೊಳ್ಳಿ. ಮುಗಿದ ಮೇಲೆ ಫೈಲನ್ನು ಎರಡು ಕಡೆ ಇಡಿ. ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ರಿವೈಂಡ್ ಮಾಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಮನೆಯವರು ನೋಡಲು ಇದು ಸಾಕು. ನೆಟ್‌ಗೆ ಹಾಕಬೇಡಿ, ಹಕ್ಕು ಬೇರೆಯವರದ್ದು.

ದುಡ್ಡಿನಲ್ಲಿ ಇದೇ ಎಲ್ಲಕ್ಕಿಂತ ದುಬಾರಿ, ಶ್ರಮವೂ ಜಾಸ್ತಿ. ಎರಡೋ ಮೂರೋ ಕ್ಯಾಸೆಟ್ ಇದ್ದವರು ಅಂಗಡಿಗೆ ಕೊಡುವುದು ಒಳ್ಳೆಯದು. ಇಪ್ಪತ್ತು ಮೂವತ್ತು ಇದ್ದರೆ ನಾಲ್ಕು ಮನೆಯವರು ಸೇರಿ ಒಂದು ವಿಸಿಆರ್ ರಿಪೇರಿ ಮಾಡಿಸಿಕೊಳ್ಳಿ.

ದಾರಿ ಸಿಕ್ಕ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮೊದಲಿಂದ ಪೂರ್ತಿ ನೋಡುವುದಾ, ಬೇಕಾದಷ್ಟೇ ನೋಡುವುದಾ? ಸಾವಿರ ಕಂತಿನ ಧಾರಾವಾಹಿ ಅಂದರೆ, 22 ನಿಮಿಷದ ಲೆಕ್ಕದಲ್ಲಿ, ಸುಮಾರು 367 ಗಂಟೆ. ದಿನಕ್ಕೆ ಎರಡು ಕಂತು ನೋಡಿದರೂ 500 ದಿನ. ಒಬ್ಬರೇ ಇರುವ ಹಿರಿಯರಿಗೆ ಇದು ಭಾರ ಅಲ್ಲ, ಆಸರೆ. ನಾಳೆ ಮಧ್ಯಾಹ್ನಕ್ಕೆ ಏನೋ ಒಂದು ಕಾಯುತ್ತಿದೆ ಅನ್ನುವುದು ಸಣ್ಣ ಮಾತಲ್ಲ. ಅವರಿಗೆ ಪೂರ್ತಿ ಇರುವುದನ್ನೇ ಹುಡುಕಿ ಕೊಡಿ, ಚಿತ್ರ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಕೆಲಸಕ್ಕೆ ಹೋಗುವವರಿಗೆ 500 ದಿನ ಆಗುವ ಮಾತಲ್ಲ. ಅವರು ನೆನಪಿರುವ ಒಂದು ಘಟ್ಟ ಆರಿಸಿಕೊಂಡು ಅದರ ಹಿಂದು ಮುಂದಿನ ಮೂವತ್ತು ಕಂತು ನೋಡಲಿ. ಅದಕ್ಕೆ ನಂಬರ್ ಮತ್ತು ತಾರೀಕು ಸರಿಯಾಗಿರುವ ಅಪ್ಲಿಕೇಶನ್ ಒಳ್ಳೆಯದು. ಯೂಟ್ಯೂಬ್‌ನಲ್ಲಿ ಆ ಮೂವತ್ತು ಹುಡುಕುವಷ್ಟರಲ್ಲಿ ರಜೆಯೇ ಮುಗಿಯುತ್ತದೆ.

ಧಾರವಾಡದ ವೈನಿಯದು ಇವೆರಡೂ ಅಲ್ಲ. ಅವರಿಗೆ ಬೇಕಾಗಿದ್ದದ್ದು ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ'. "ಕತಿ ನನಗ ಗೊತ್ತದರೀ. ನಮ್ಮ ಕಡೀ ಮಾತು ಕಿವಿಗೆ ಬೀಳಬೇಕು, ಅಷ್ಟ" ಅಂದರು. ಇಲ್ಲಿ ದಿನವಿಡೀ ಹಿಂದಿ ಮರಾಠಿ ಕೇಳಿ ಕೇಳಿ ಅವರ ಮಕ್ಕಳು ಆ ಮಾತನ್ನೇ ಮರೆಯುತ್ತಿದ್ದಾರೆ ಅನ್ನುವುದು ಅವರ ಸಂಕಟ. ಅಂಥವರಿಗೆ ಪೂರ್ತಿ ಇದೆಯಾ ಅನ್ನುವ ನನ್ನ ಮೊದಲ ಪ್ರಶ್ನೆಯೇ ಬೇಡ. ಯೂಟ್ಯೂಬ್‌ನಲ್ಲಿ ಸಿಕ್ಕ ಕಂತು ಸಿಕ್ಕ ಹಾಗೆ ನೋಡಬಹುದು. ದನಿ ಒಂದು ಸ್ಪಷ್ಟ ಇರಲಿ. ಟಿವಿಗೆ ಸಣ್ಣ ಸ್ಪೀಕರ್ ಜೋಡಿಸಿ ಅಂತ ಹೇಳಿದೆ. ಅವರು ಅದಕ್ಕೆ ಮಾತ್ರ ದುಡ್ಡು ಹಾಕಿದರು.

ನಮ್ಮ ಮನೆಯಲ್ಲಿ ಈಗ ಹೀಗಿದೆ. ಮಧ್ಯಾಹ್ನ ಯೂಟ್ಯೂಬ್ ಪ್ಲೇಲಿಸ್ಟ್, 480ರಲ್ಲಿ, ಎರಡು ಕಂತು. ಅಪ್ಲಿಕೇಶನ್ ಒಂದೇ, ಮೂರು ತಿಂಗಳದ್ದು, ಅದು ನನಗೆ. ಉಳಿದ ಏಳು ಕ್ಯಾಸೆಟ್‌ಗಳಲ್ಲಿ ಐದು ಫೈಲ್ ಆಗಿವೆ. ಕಳೆದ ವಾರ ಐದನೆಯದನ್ನು ಹಾಕಿದೆವು. ಕಂತು ಮುಗಿದು ಚಿತ್ರ ನಿಂತ ಮೇಲೂ ರೆಕಾರ್ಡಿಂಗ್ ನಡೆದೇ ಇತ್ತು. ಪರದೆ ಕಪ್ಪು, ಸದ್ದು ಮಾತ್ರ ಸರ್ರೆನ್ನುತ್ತಿತ್ತು. ನಾನು ನಿಲ್ಲಿಸಲು ಹೋದೆ. ಅತ್ತೆ ಕೈ ಹಿಡಿದರು. "ಇರಲಿ, ಅಣ್ಣ ಎದ್ದು ಬಂದು ಬಂದ್ ಮಾಡುವವರೆಗೆ ಇರಲಿ" ಅಂದರು. ಇನ್ನೆರಡು ಕ್ಯಾಸೆಟ್‌ಗಳನ್ನು ಜೂನ್‌ಗೆ ಮೊದಲು ಮುಗಿಸಬೇಕು.